ಒದ್ದೆ ಪುಸ್ತಕಗಳ ನಿಯಮ

ಗ್ರಂಥಾಲಯಗಳ ರಾಷ್ಟ್ರೀಯ ಸಂಘವೊಂದರ ಆಜೀವ ಸದಸ್ಯ ನಾನು ಎಂದು ಹೇಳಿಕೊಂಡಾಗಲೆಲ್ಲ ಉಡುಪಿಯ ಜನ ನನ್ನನ್ನು ಸ್ವಲ್ಪ ಕನಿಕರದಿಂದಲೇ ನೋಡುತ್ತಾರೆ. ರಿಕ್ಷಾದವರಿಗೆ ಸಂಘ ಉಂಟು, ಹೋಟೆಲಿನವರಿಗೆ ಉಂಟು, ಶಾಮಿಯಾನದವರಿಗೂ ಉಂಟು. ಆದರೆ ಮೌನವೇ ಮೂಲಮಂತ್ರವಾದ ಜಾಗಗಳೆಲ್ಲ ಒಟ್ಟು ಸೇರಿ ಯಾರ ವಿರುದ್ಧ ಘೋಷಣೆ ಕೂಗುತ್ತವೆ ಎಂಬುದು ಅವರ ಸಂಶಯ. ನಮ್ಮ ಬೀದಿಯ ಟೈಲರು ಒಮ್ಮೆ ನೇರವಾಗಿಯೇ ಕೇಳಿದರು: "ನಿಮ್ಮ ಸಂಘದವರು ಎಂತ ಮಾಡುದು ಸರ್?" ತರಬೇತಿ ಕೊಡುತ್ತೇವೆ, ಸರಕಾರಗಳಿಗೆ ಪತ್ರ ಬರೆಯುತ್ತೇವೆ, ಸಣ್ಣ ಊರುಗಳಿಗೆ ಪುಸ್ತಕ ಕಳಿಸುತ್ತೇವೆ, ಮಾನದಂಡ ರೂಪಿಸುತ್ತೇವೆ ಎಂದೆಲ್ಲ ನಾನು ವಿವರಿಸಿದೆ. ಅವರು ಸಮ್ಮೇಳನದಲ್ಲಿ ನನಗೆ ಸಿಕ್ಕಿದ ಬಟ್ಟೆಯ ಚೀಲವನ್ನು ಮುಟ್ಟಿ ನೋಡಿ, "ಹೊಲಿಗೆ ಒಳ್ಳೆದುಂಟು" ಎಂದರು.

ಅದರಲ್ಲಿ ಮಾನದಂಡ ಎಂಬುದು ನನ್ನ ದೌರ್ಬಲ್ಯ. ಮಣಿಪಾಲದ ಕಾಲೇಜೊಂದರಲ್ಲಿ ಮೂವತ್ತೊಂದು ವರ್ಷ ಪುಸ್ತಕಗಳಿಗೆ ಸಂಖ್ಯೆ ಕೊಡುವ ಕೆಲಸ ಮಾಡಿದವನಿಗೆ ದಂಡವೂ ಬೇಕು, ಮಾನವೂ ಬೇಕು. ಸಣ್ಣ ಗ್ರಂಥಾಲಯಗಳಿಗೆ ಮಾನ್ಯತೆಯನ್ನೂ ನೆರವನ್ನೂ ಕೊಡುವ ಮುನ್ನ ಅವುಗಳ ಅರ್ಹತೆಯನ್ನು ಅಳೆಯುವ ನಿಯಮಾವಳಿ ಬೇಕೆಂದು ಸಂಘ ನಿರ್ಧರಿಸಿದಾಗ ಉಪಸಮಿತಿಯಲ್ಲಿ ನಾನೂ ಇದ್ದೆ. ನೀರು ತಾಗಿದ, ವಾಸನೆ ಹಿಡಿದ ಪುಸ್ತಕಗಳು ಸಂಗ್ರಹದ ಹತ್ತನೆಯ ಒಂದಂಶವನ್ನು ಮೀರಿದರೆ ಅಂಥ ಗ್ರಂಥಾಲಯ ನೆರವಿಗೆ ಅರ್ಹವಲ್ಲ ಎಂಬ ನಿಯಮ ನನ್ನದೇ ರಚನೆ. ಅದಕ್ಕೊಂದು ಭಾವಪೂರ್ಣ ಟಿಪ್ಪಣಿಯನ್ನೂ ಬರೆದು ಸಭೆಯಲ್ಲಿ ಓದಿದ್ದೆ. ಕೆಲವರು ಚಪ್ಪಾಳೆ ತಟ್ಟಿದ್ದು ನೆನಪುಂಟು.

ನಿವೃತ್ತನಾದ ಮೇಲೆ, ಕಳೆದ ಮಳೆಗಾಲದಲ್ಲಿ, ಎರ್ಮಾಳಿನ ಒಂದು ಗ್ರಂಥಾಲಯವನ್ನು ಪರಿಶೀಲಿಸಿ ವರದಿ ಕೊಡುವಂತೆ ಸಂಘದಿಂದ ನನಗೆ ಪತ್ರ ಬಂತು. ಉಡುಪಿಯಿಂದ ಬಸ್ಸು ಹತ್ತಿ, ಕಾಪು ದಾಟಿ, ಛತ್ರಿ ಬಿಡಿಸಿಕೊಂಡು ಇಳಿದೆ. ಮೀನುಗಾರರ ಸೊಸೈಟಿಯ ಕಟ್ಟಡದ ಹಿಂಬದಿಯ ಕೋಣೆ. ನಾಲ್ಕು ಕಪಾಟು, ಎರಡು ಬೆಂಚು. ನಡೆಸುವವರು ಸುಗಂಧಿ ಎಂಬ ಮಹಿಳೆ. ಹಗಲು ಬಲೆ ಹೆಣೆಯುತ್ತಾರೆ, ಸಂಜೆ ಬಾಗಿಲು ತೆರೆಯುತ್ತಾರೆ. ಕಪಾಟು ತೆರೆದೊಡನೆ ಅವರ ಹೆಸರಿಗೂ ಕೋಣೆಯ ಉಸಿರಿಗೂ ಸಂಬಂಧವಿಲ್ಲವೆಂದು ನನಗೆ ಖಚಿತವಾಯಿತು. ಒಣಮೀನು, ಡೀಸೆಲ್, ಉಪ್ಪುನೀರು, ಮೂರೂ ಸೇರಿದ ಗಾಳಿ. ಪುಟಗಳೆಲ್ಲ ಕರಿದ ಹಪ್ಪಳದಂತೆ ಅಲೆಯೆದ್ದಿದ್ದವು.

"ಗಂಡಸರು ಮಲ್ಪೆಯಿಂದ ಆಳಸಮುದ್ರಕ್ಕೆ ಹೋಗ್ತಾರೆ ಸರ್, ಹತ್ತು ದಿವಸ ಬರುದಿಲ್ಲ. ಒಬ್ಬೊಬ್ಬರು ಎರಡೆರಡು ಪುಸ್ತಕ ತಕ್ಕೊಂಡು ಹೋಗ್ತಾರೆ" ಎಂದರು ಸುಗಂಧಿ.

"ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕೊಡಬಹುದಲ್ಲ?"

"ಕಟ್ಟಿಯೇ ಕೊಡುದು. ಆದರೆ ಓದುವಾಗ ತೆಗಿಬೇಕಲ್ವಾ?"

ನಾನು ಎಣಿಸಲು ಕುಳಿತೆ. ಮೂರರಲ್ಲಿ ಎರಡು ಪಾಲು ನೀರು ತಾಗಿದವೇ. ಅಷ್ಟರಲ್ಲಿ ಸೊಸೈಟಿಯ ಅಧ್ಯಕ್ಷರು ಬಂದು, ಒಳ್ಳೆಯ ಮನುಷ್ಯನಂತೆಯೇ ವಿಷಯ ತಿಳಿಸಿದರು. ಮಂಜುಗಡ್ಡೆಯ ಪೆಟ್ಟಿಗೆ ಇಡಲು ಅವರಿಗೆ ಜಾಗ ಬೇಕಿತ್ತು. ರಾಷ್ಟ್ರೀಯ ಸಂಘದ ಮಾನ್ಯತೆ ಬಂದರೆ ಕೋಣೆ ಪುಸ್ತಕಗಳಿಗೆ. ಇಲ್ಲವಾದರೆ ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ದೋಣಿಗಳು ಕಡಲಿಗೆ ಇಳಿಯುವ ಮೊದಲು ಖಾಲಿ ಮಾಡಬೇಕು. ಅವರು ಹೋದ ಮೇಲೆ ಸುಗಂಧಿಗೆ ನಿಯಮವನ್ನು ಹೇಳಿದೆ. ಅವರು ಕಪಾಟಿನ ಬಾಗಿಲು ಮುಚ್ಚಿದರು.

"ಇದು ಬರೆದವರು ಯಾರು ಸರ್, ದಿಲ್ಲಿಯವರಾ?"

"ಒಂದು ಉಪಸಮಿತಿ" ಎಂದೆ. ಸುಳ್ಳೇನಲ್ಲ. ಆದರೆ ಹಿಂದಿರುಗುವ ಬಸ್ಸಿನಲ್ಲಿ ಕಾಪು ದಾಟುವವರೆಗೂ ಆ ಎರಡು ಪದಗಳನ್ನೇ ಮನಸ್ಸಿನಲ್ಲಿ ಮಗುಚಿ ಹಾಕುತ್ತಿದ್ದೆ.

ಮರುದಿನ ಸಂಘದ ಕಚೇರಿಗೆ ಫೋನು ಮಾಡಿದೆ. ಅಲ್ಲಿನ ಕಾರ್ಯದರ್ಶಿ ತಾಳ್ಮೆಯ ಹೆಂಗಸು. ನಿಯಮ ಬದಲಾಗಬೇಕಾದರೆ ವಾರ್ಷಿಕ ಸಭೆಯೇ ಆಗಬೇಕು, ಅದಕ್ಕೆ ಇನ್ನೂ ಏಳು ತಿಂಗಳು ಉಂಟು ಎಂದರು. ಬೇರೆ ದಾರಿಯೇ ಇಲ್ಲವೇ ಎಂದು ಕೇಳಿದೆ. ಅವರು ಕಾಗದ ಮಗುಚುವುದು ನನಗೆ ಕೇಳಿಸುತ್ತಿತ್ತು. ಸಂಚಾರಿ ಗ್ರಂಥಾಲಯಗಳಿಗೆ ಪ್ರತ್ಯೇಕ ಯೋಜನೆ ಉಂಟು, ಅದಕ್ಕೆ ಈ ನಿಯಮ ಅನ್ವಯಿಸದು, ಆದರೆ ವಾಹನದ ನೋಂದಣಿ ಸಂಖ್ಯೆಯೂ ಮಾಲೀಕರ ಒಪ್ಪಿಗೆಯೂ ಬೇಕು ಎಂದರು. ಆ ವಾಹನ ರಸ್ತೆಯಲ್ಲೇ ಓಡಬೇಕೆಂದು ಎಲ್ಲಾದರೂ ಬರೆದಿದೆಯೇ ಎಂದು ವಿಚಾರಿಸಿದೆ. ಮತ್ತೆ ಕಾಗದಗಳ ಸದ್ದು. ಬರೆದಿಲ್ಲ, ಎಂದರು ಅವರು, ಧ್ವನಿಯಲ್ಲಿ ನಗುವಿತ್ತು.

ಹೀಗೆ ನಾನೂ ಸುಗಂಧಿಯೂ ಮಲ್ಪೆಯ ಬಂದರಿಗೆ ಹೋದೆವು. ದಕ್ಕೆಯಲ್ಲಿ ಸಾಲಾಗಿ ಕಟ್ಟಿಹಾಕಿದ ದೋಣಿಗಳ ನಡುವೆ ದಯಾನಂದ ಎಂಬವರು ಬಲೆಯ ಮೇಲೆ ಕೂತಿದ್ದರು. ದೋಣಿ ಅವರದೇ, ಅದನ್ನು ನಡೆಸುವ ತಾಂಡೇಲರೂ ಅವರೇ. ಅರ್ಜಿಗೆ ಸಹಿ ಹಾಕಿ, ದೋಣಿಯ ಸಂಖ್ಯೆ ಬರೆಸಿದ ಮೇಲೆ ನನ್ನನ್ನು ಹತ್ತಿರ ಕರೆದರು.

"ನೀವು ಪುಸ್ತಕದವರು ಅಲ್ವಾ? ಒಂದು ಸಂಶಯ ಉಂಟು." ಅವರು ಕಾದಂಬರಿಯೊಂದರ ಹೆಸರು ಹೇಳಿದರು. "ಕೊನೆಯ ಹನ್ನೆರಡು ಪುಟ ನೀರಿಗೆ ಹೋಯ್ತು. ನಾವು ಏಳು ಜನ. ಒಬ್ಬ ಓದುದು, ಉಳಿದವರು ಕೇಳುದು. ಆ ಹೆಂಗಸು ಗಂಡನ ಮನೆಗೆ ವಾಪಸ್ ಹೋಗ್ತಾಳಾ ಇಲ್ವಾ? ಹೋಗ್ತಾಳೆ ಅಂತ ನಮ್ಮ ಅಡಿಗೆಯ ಶೇಖರ. ಇಲ್ಲ ಅಂತ ನಾನು."

ನನಗೆ ಆ ಕಾದಂಬರಿಯ ವರ್ಗಸಂಖ್ಯೆ ತಕ್ಷಣ ನೆನಪಾಯಿತು. ಪುಟಸಂಖ್ಯೆ, ಅಳತೆ ಕೂಡ. ಆದರೆ ಮದುವೆಮನೆಯ ಬಾಗಿಲಲ್ಲಿ ನಿಂತು ಎಲ್ಲರಿಗೂ ಕೈಮುಗಿದು ಊಟಕ್ಕೆ ಮಾತ್ರ ಕೂರದವನ ಹಾಗೆ ನಾನು ಸಾವಿರಾರು ಪುಸ್ತಕಗಳನ್ನು ಬರಮಾಡಿಕೊಂಡಿದ್ದೆನೇ ಹೊರತು ಓದಿದ್ದು ಕಡಿಮೆ. "ನೋಡಿ ಹೇಳ್ತೇನೆ" ಎಂದೆ.

ಮಣಿಪಾಲದ ಕಾಲೇಜಿನಲ್ಲಿ ಪ್ರತಿ ಇರಲಿಲ್ಲ. ಮಾಡು ಸೋರಿ ಪುಸ್ತಕಗಳು ಒದ್ದೆಯಾದ ವರ್ಷ ಅದನ್ನು ಹೊರಹಾಕಿದವನು ನಾನೇ. ಕಾರ್ಕಳದ ಗ್ರಂಥಾಲಯದಲ್ಲಿ ಒಂದು ಪ್ರತಿ ಇದೆಯೆಂದು ತಿಳಿದು ಬಸ್ಸು ಹತ್ತಿದೆ. ಹನ್ನೆರಡು ಪುಟ ಓದಿ, ಮಧ್ಯಾಹ್ನದ ಊಟಕ್ಕೆ ಮನೆ ಸೇರುವುದೆಂದು ಲೆಕ್ಕ. ಆದರೆ ಆ ಹೆಂಗಸು ಮನೆ ಬಿಟ್ಟದ್ದೇಕೆ ಎಂದು ಗೊತ್ತಿಲ್ಲದೆ ಅವಳು ಹಿಂದಿರುಗುತ್ತಾಳೋ ಇಲ್ಲವೋ ಎಂಬುದರಲ್ಲಿ ಸ್ವಾರಸ್ಯವೇನು? ಮೊದಲ ಪುಟಕ್ಕೆ ಹೋದೆ. ಸಂಜೆ ಬಾಗಿಲು ಹಾಕುವಾಗ ಅಲ್ಲಿಯವರು ಕುರ್ಚಿಯಿಂದ ಎಬ್ಬಿಸಿದರು. ಮರುದಿನ ಮತ್ತೆ ಹೋದೆ. ಮುಗಿಸಿದ ಮೇಲೆ ಕೊನೆಯ ಹನ್ನೆರಡು ಪುಟಗಳನ್ನು ಕೈಯಲ್ಲೇ ನಕಲು ಮಾಡಿಕೊಂಡೆ.

ವರದಿಯಲ್ಲಿ ಏನನ್ನೂ ಮುಚ್ಚಿಡಲಿಲ್ಲ. ವಾಹನ ಮೀನುಗಾರಿಕೆಯ ದೋಣಿ ಎಂದೂ, ಒದ್ದೆ ಪುಸ್ತಕಗಳ ನಿಯಮ ನಾನೇ ಬರೆದದ್ದೆಂದೂ, ಅದು ತಪ್ಪೆಂದೂ ಬರೆದೆ. ಸುಗಂಧಿಗೂ ಹೇಳಿದೆ. "ಗೊತ್ತಾಗಿತ್ತು ಸರ್, ಅವತ್ತೇ ನಿಮ್ಮ ಮುಖ ನೋಡಿ" ಎಂದರು.

ಜುಲೈ ಕೊನೆಗೆ ಮಾನ್ಯತೆಯ ಪತ್ರ ಬಂತು. ಹಿಂದೆಯೇ ಒಂದು ಪೆಟ್ಟಿಗೆ ಪುಸ್ತಕ, ಸುಗಂಧಿಗೆ ಮಣಿಪಾಲದಲ್ಲಿ ಮೂರು ದಿನದ ತರಬೇತಿ. ಅಧ್ಯಕ್ಷರು ಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು. ಮಂಜುಗಡ್ಡೆಯ ಪೆಟ್ಟಿಗೆಗಳು ಕಟ್ಟಡದ ಪಕ್ಕದ ಶೀಟಿನ ಮಾಡಿನಡಿಗೆ ಹೋದವು. ವಾರ್ಷಿಕ ಸಭೆಯಲ್ಲಿ ನಿಯಮವನ್ನು ಕೈಬಿಡಬೇಕೆಂದು ನಾನು ಎದ್ದು ನಿಂತಾಗ ನನ್ನ ಹಳೆಯ ಟಿಪ್ಪಣಿಯಿಂದಲೇ ಸಾಲುಗಳನ್ನು ಓದಿ ಕೆಲವು ಸದಸ್ಯರು ವಿರೋಧಿಸಿದರು. ಎಷ್ಟು ಚೆನ್ನಾಗಿ ಬರೆದಿದ್ದೆ ಎಂದು ನನಗೇ ಬೇಸರವಾಯಿತು. ವಿಷಯ ಈಗ ಉಪಸಮಿತಿಯ ಮುಂದಿದೆ. ಸಂಚಾಲಕ ನಾನೇ.

ಅದಿರಲಿ. ನಾನು ನಕಲು ಮಾಡಿದ ಹಾಳೆಗಳನ್ನು ಸುಗಂಧಿ ಬಲೆಯ ದಾರದಿಂದ ಆ ಕಾದಂಬರಿಗೆ ಹೊಲಿದು, ಆಗಸ್ಟಿನ ಮೊದಲ ಪ್ರಯಾಣದಲ್ಲೇ ದೋಣಿಗೆ ಕೊಟ್ಟಿದ್ದರು. ಹತ್ತು ದಿನಗಳ ಮೇಲೆ ಅವರ ಫೋನು ಬಂತು.

"ಓದಿದರಾ?"

"ಓದಿದರು ಸರ್. ಹೋಗುದಿಲ್ಲ ಅಂತ ಗೊತ್ತಾಯ್ತು. ಆದರೆ ಶೇಖರಣ್ಣ ಒಪ್ಪುದಿಲ್ಲ. ಬರೆದವರು ತಪ್ಪಿದ್ದಾರಂತೆ, ಅವಳು ಹೋಗಲೇಬೇಕಿತ್ತಂತೆ."

ಅಡಿಗೆಯವನಿಗೆ ಅವಳ ಕಷ್ಟ ಏನು ಗೊತ್ತು ಎಂದು ನನಗೆ ಸಿಟ್ಟು ಬಂತು. ಕೂತು ಎರಡು ಪುಟ ಬರೆದೆ, ಅವಳು ಏಕೆ ಹೋಗಲಾರಳು ಎಂದು. ಅಂದಿನಿಂದ ವಾದ ನಿಂತಿಲ್ಲ; ನಿನ್ನೆಯೂ ಎರಡು ಪುಟ ಎರ್ಮಾಳಿಗೆ ಮುಟ್ಟಿಸಿ ಬಂದಿದ್ದೇನೆ. ಮುಂದಿನ ಸಲ ದೋಣಿ ಇಳಿಯುವಾಗ ಅದೂ ಹೋಗುತ್ತದೆ. ಶೇಖರ ಏನು ಹೇಳುತ್ತಾರೋ ತಿಳಿಯಲು ಹತ್ತು ದಿನ ಕಾಯಬೇಕು.