ಕಣ್ಣಿಗೆ ಕಾಣದ ಸ್ಪೇಸು

ಜಮಖಂಡಿಯಲ್ಲಿ ನಮ್ಮದೊಂದು ಸಣ್ಣ ವರ್ಕ್‌ಶಾಪ್. ಮೊಬೈಲಿನಿಂದ ‘ಆನ್’ ಎಂದು ಮೆಸೇಜ್ ಕಳಿಸಿದರೆ ಬಾವಿಯ ಮೋಟಾರು ಚಾಲೂ ಆಗುವ ಡಬ್ಬಿಗಳನ್ನು ಮಾಡುತ್ತೇವೆ. ವೈರಿಂಗ್ ನನ್ನ ಗಂಡನದು, ಒಳಗಿನ ಪ್ರೋಗ್ರಾಮ್ ನನ್ನದು. ಡಬ್ಬಿಯ ಚಿಪ್‌ನಲ್ಲಿ ಜಾಗ ಕಡಿಮೆ, ಸಿದ್ಧ ಕೋಡ್ ಹಿಡಿಸುವುದಿಲ್ಲ. ಹಾಗಾಗಿ ಬಂದ ಅಕ್ಷರಗಳನ್ನು ಓದುವ, ಬೇಡದ್ದನ್ನು ಕತ್ತರಿಸುವ ಫಂಕ್ಷನ್‌ಗಳನ್ನೂ ನಾನೇ ಸಿ ಭಾಷೆಯಲ್ಲಿ ಬರೆದಿದ್ದೆ. ಅದರ ಬಗ್ಗೆ ಸ್ವಲ್ಪ ಜಂಬವೂ ಇತ್ತು.

ಸಾವಳಗಿ ಕಡೆಯ ಕುರಿಗಾರ ಮನೆತನದ ಅಕ್ಕ ಒಬ್ಬರು ನಮ್ಮ ಡಬ್ಬಿ ಒಯ್ದಿದ್ದರು. ದಿಬ್ಬದ ಮೇಲೆ ಕುರಿ ಮೇಯಿಸುತ್ತಲೇ ಕೆಳಗಿನ ಗೋವಿನಜೋಳಕ್ಕೆ ನೀರು ಬಿಡಬೇಕೆಂಬುದು ಅವರ ಆಸೆ. ವಾರದೊಳಗೆ ಫೋನು ಬಂತು: ಮೆಸೇಜ್ ಹೋಗುತ್ತದೆ, ಮೋಟಾರು ಚಾಲೂ ಆಗುವುದಿಲ್ಲ. ನನ್ನ ಗಂಡ ಹೋಗಿ ಸಿಮ್ ಬದಲಿಸಿ, ತಮ್ಮ ಫೋನಿನಿಂದ ಕಳಿಸಿ ನೋಡಿದರು, ಮೋಟಾರು ಓಡಿತು. ಅಕ್ಕನಿಗೆ ಮೆಸೇಜ್ ಮಾಡಲು ಬರುವುದಿಲ್ಲ ಎಂದು ತೀರ್ಮಾನಿಸಿ ವಾಪಸಾದರು. ನಾನೂ ಒಪ್ಪಿಬಿಟ್ಟೆ.

ಮರುವಾರ ಅಕ್ಕನೇ ಬಸ್ಸು ಹತ್ತಿ ಬಂದರು. ಕೂಡ್ರಿ ಅಂದರೂ ಕೂಡಲಿಲ್ಲ.

“ನಾ ಬರೋಬ್ಬರಿನ ಕಳಸಾಕತ್ತೇನಿ, ತಂಗಿ. ನಿನ್ನ ಡಬ್ಬಿನ ಕೇಳವಲ್ದು.”

ಮೇಜಿನ ಮೇಲಿದ್ದ ಇನ್ನೊಂದು ಡಬ್ಬಿಗೆ ನನ್ನೆದುರೇ ಕಳಿಸಿ ತೋರಿಸಲು ಹೇಳಿದೆ. ನಾವೆಲ್ಲ ಒಂದೊಂದೇ ಅಕ್ಷರ ಒತ್ತುತ್ತೇವೆ. ಅವರು ಮೊದಲ ಅಕ್ಷರ ಒತ್ತಿ, ಕೀಬೋರ್ಡಿನ ಮೇಲೆ ತಾನಾಗಿ ಮೂಡಿದ ‘ಆನ್’ ಪದವನ್ನೇ ಬೆರಳಿನಿಂದ ಮುಟ್ಟಿ ಕಳಿಸಿದರು. ಡಬ್ಬಿ ಸುಮ್ಮನೆ ಕೂತಿತು. ನನಗೆ ಆಗ ಹೊಳೆಯಿತು. ಹಾಗೆ ಮುಟ್ಟಿದರೆ ಪದದ ಕೊನೆಗೆ ಫೋನು ತಾನೇ ಒಂದು ಸ್ಪೇಸು, ಅಂದರೆ ಖಾಲಿ ಜಾಗ, ಸೇರಿಸುತ್ತದೆ. ಆ ಸ್ಪೇಸು ಉಳಿದರೆ ಡಬ್ಬಿಗೆ ಅದು ‘ಆನ್’ ಅಲ್ಲ, ಬೇರೆಯೇ ಪದ.

ಆದರೆ ಅಂಥ ಸ್ಪೇಸುಗಳನ್ನು ತೆಗೆದುಹಾಕುವ ಫಂಕ್ಷನ್ ಬರೆದಿದ್ದೆನಲ್ಲ? ಕೋಡ್ ತೆಗೆದು ಸಾಲು ಸಾಲಾಗಿ ಓದಿದೆ. ಅಕ್ಷರಗಳು ಮುಗಿದವು ಎಂಬ ಗುರುತಿಗೆ ಸಿ ಭಾಷೆ ಕೊನೆಯಲ್ಲೊಂದು ಸೊನ್ನೆ ಇಡುತ್ತದೆ. ನನ್ನ ಫಂಕ್ಷನ್ ಕೊನೆಯಿಂದ ಹುಡುಕುವಾಗ ಆ ಸೊನ್ನೆಯಿಂದಲೇ ಶುರು ಮಾಡುತ್ತಿತ್ತು. ಸೊನ್ನೆ ಸ್ಪೇಸಲ್ಲ, ಹಾಗಾಗಿ ತೆಗೆಯುವಂಥದ್ದು ಇಲ್ಲೇನೂ ಇಲ್ಲವೆಂದು ಅಲ್ಲೇ ನಿಂತುಬಿಡುತ್ತಿತ್ತು. ಶುರುವಿನ ಸ್ಪೇಸುಗಳನ್ನು ಸರಿಯಾಗಿ ತೆಗೆಯುತ್ತಿತ್ತು, ಕೊನೆಯದನ್ನು ಒಂದು ದಿನವೂ ತೆಗೆದಿರಲಿಲ್ಲ. ನನಗೆ ನಾಚಿಕೆಯಾಯಿತು.

ಸೊನ್ನೆಗಿಂತ ಒಂದು ಸ್ಥಾನ ಮೊದಲಿನಿಂದ ಹುಡುಕುವಂತೆ ತಿದ್ದಿದೆ. ಬರೀ ಸ್ಪೇಸುಗಳೇ ಬಂದರೆ ಮೊದಲ ಅಕ್ಷರವನ್ನೂ ದಾಟಿ ಆಚೆ ಹೋಗಬಾರದೆಂದು ಒಂದು ತಡೆಯನ್ನೂ ಹಾಕಿದೆ. ಹೊಸ ಪ್ರೋಗ್ರಾಮ್ ತುಂಬಿ, ಈಗ ಕಳಿಸಿರಿ ಎಂದೆ. ಅಕ್ಕ ಮುಟ್ಟಿದರು. ಡಬ್ಬಿಯೊಳಗೆ ಮೋಟಾರು ಚಾಲೂ ಮಾಡುವ ಸ್ವಿಚ್ಚು, ರಿಲೇ, ಟಕ್ ಎಂದಿತು, ಹಸಿರು ದೀಪ ಹತ್ತಿತು. ಆಗ ಕುರ್ಚಿ ಎಳೆದುಕೊಂಡು ಕೂತು ಚಹಾ ಕೇಳಿದರು.

ಮಧ್ಯಾಹ್ನವೇ ಅಕ್ಕ ಬಸ್ಸಿನಲ್ಲಿ, ನಾನೂ ನನ್ನ ಗಂಡನೂ ಬೈಕಿನಲ್ಲಿ, ಮೂವರೂ ಅವರ ಹೊಲಕ್ಕೆ ಹೋದೆವು. ಬಾವಿಯ ಡಬ್ಬಿಗೂ ಹೊಸ ಪ್ರೋಗ್ರಾಮ್ ಹಾಕಿ ದಿಬ್ಬ ಹತ್ತಿದೆವು. ಅಕ್ಕ ಫೋನು ಮುಟ್ಟಿದ ಸ್ವಲ್ಪ ಹೊತ್ತಿಗೆ ಕೆಳಗೆ ಪೈಪು ಎರಡು ಸಲ ಕೆಮ್ಮಿ, ತುಂಬು ನೀರು ಕಾಲುವೆಗೆ ಬಿತ್ತು.

“ನಂದ ತಪ್ಪಾತ್ರಿ, ಅಕ್ಕಾರ,” ಎಂದರು ನನ್ನ ಗಂಡ.

ತಪ್ಪು ನನ್ನದು ಎಂದೆ ನಾನು. ಅಕ್ಕ ನಮ್ಮಿಬ್ಬರ ಮಾತನ್ನೂ ಕೇಳುತ್ತಿರಲಿಲ್ಲ. ಬಂದ್ ಮಾಡಿ, ಮತ್ತೆ ಚಾಲೂ ಮಾಡಿ ನೋಡುತ್ತಿದ್ದರು.

ತಿರುಗಿ ಬರುವಾಗ ಬೈಕಿನ ಹಿಂದೆ ಕೂತು ಗಂಡನಿಗೆ ಆ ಸೊನ್ನೆಯ ವಿಷಯ ವಿವರಿಸಿದೆ. ಹೆಲ್ಮೆಟ್ಟಿನೊಳಗೆ ಎಷ್ಟು ಕೇಳಿಸಿತೋ ಗೊತ್ತಿಲ್ಲ. ಜಮಖಂಡಿ ಬರುವವರೆಗೂ ನಾನು ಮಾತು ನಿಲ್ಲಿಸಲಿಲ್ಲ.