ಗ್ಯಾರೇಜಿನ ಗೋಡೆಗೆ ಟೈರು

ನಮ್ಮ ಪಕ್ಕದ ಮನೆಯ ಓಡ್ಮುಂಡನಷ್ಟು ಹಟಮಾರಿ ಇಡೀ ನಾರ್ವೆಯಲ್ಲಿ ಹುಡುಕಿದರೂ ಸಿಗಲಿಕ್ಕಿಲ್ಲ. ಬಸ್ಸು, ಲಾರಿ, ಕುರಿಮಂದೆ ಎಲ್ಲವನ್ನೂ ಲಾಂಚಿಗೆ ಹೇರಿಕೊಂಡು ಜೀವಮಾನವಿಡೀ ನಮ್ಮ ಕೊಲ್ಲಿ ದಾಟಿಸಿದ ಕ್ಯಾಪ್ಟನ್ ಅವನು. ನಡುನೀರಿನಲ್ಲಿ ಒಮ್ಮೆಯೂ ನಿಂತವನಲ್ಲ ಎಂಬುದು ಅವನ ಹೆಮ್ಮೆ. ಅವನ ಮನೆಗೆ ಕಾಫಿಗೆ ಹೋದವರು ಅದನ್ನು ಕೇಳಿಸಿಕೊಳ್ಳದೆ ಎದ್ದು ಬಂದದ್ದಿಲ್ಲ. ನಿವೃತ್ತನಾದ ದಿನ ಲಾಂಚಿನ ಹಗ್ಗ ಬಿಸಾಕಿ, "ಇನ್ನು ಸಾಯೋ ತನಕ ಹಗ್ಗ, ಕೇಬಲ್ಲು ಯಾವ್ದೂ ಮುಟ್ಟಲ್ಲ" ಎಂದುಬಿಟ್ಟ.

ಹಾಗಾಗಿ ಕೊಂಡದ್ದು ವೈರಿಲ್ಲದೆ ಚಾರ್ಜ್ ಆಗುವ ಕಾರು. ಗ್ಯಾರೇಜಿನ ನೆಲದಲ್ಲಿ ಚಪ್ಪಟೆ ಫಲಕವೊಂದಿದೆ, ಅದರ ಮೇಲೆ ಕಾರು ಸರಿಯಾಗಿ ನಿಂತರೆ ಸಾಕು. ಗೇಣಷ್ಟು ಆಚೀಚೆಯಾದರೂ ಕೆಲಸ ಕೆಟ್ಟಿತು. ಮೊದಮೊದಲು ಚೆನ್ನಾಗಿಯೇ ನಡೆಯಿತು. ಆದರೆ ಈ ಮಹಾರಾಯನಿಗೆ ದಡಕ್ಕೆ ಮೂತಿ ತಾಗಿಸದೆ ನಿಲ್ಲಿಸಿ ಗೊತ್ತಿಲ್ಲ. ಕಾರಿನ ಮೂತಿ ಗೋಡೆಗೆ ಉಜ್ಜಿ ಬಣ್ಣ ಹೋಯಿತು. ಲಾಂಚುಕಟ್ಟೆಯಲ್ಲಿರುವ ಹಾಗೆ ಗ್ಯಾರೇಜಿನ ಗೋಡೆಗೂ ಹಳೇ ಟೈರು ನೇತುಹಾಕಿದ.

ಹಾಕಿದ್ದು ಯಾವಾಗ? ಕೊಲ್ಲಿಗೆ ಕಟ್ಟಿದ ಹೊಸ ಸೇತುವೆಯ ಉದ್ಘಾಟನೆಯ ಹಿಂದಿನ ದಿನ! ಎಲ್ಲರಿಗಿಂತ ಮೊದಲು ಓಡ್ಮುಂಡನೇ ದಾಟಬೇಕೆಂದು ಊರವರು ಕರೆದಿದ್ದರು.

"ಚಾರ್ಜಿನ ಹಸಿರು ದೀಪ ಹತ್ತಿದ್ಯಾ ನೋಡಿದ್ಯಾ?" ಎಂದು ಆ ರಾತ್ರಿ ಹೆಂಡತಿ ಯೊರುನ್ ಕೇಳಿದಳು.

"ದಡ ಸೇರಿದ್ದು ನಂಗೆ ಬೆನ್ನಿಗೇ ಗೊತ್ತಾಗತ್ತೆ. ಮಲ್ಕೋ ಹೋಗು."

ಮರುದಿನ ಮುಂದೆ ಅವರಿಬ್ಬರು, ಹಿಂದಿನ ಸೀಟಿನಲ್ಲಿ ತೊಡೆಯ ಮೇಲೆ ಕೆನೆ ಕೇಕ್ ಇಟ್ಟುಕೊಂಡು ನಾನು. ಹಿಂದೆ ವಾದ್ಯದವರು, ಅವರ ಹಿಂದೆ ಟ್ರ್ಯಾಕ್ಟರಿನಲ್ಲಿ ತೊರ್ಗೈರ್, ಲಾಂಚಿನಲ್ಲಿ ಹಗ್ಗ ಎಸೆಯುತ್ತಿದ್ದವನು. ಚಾರ್ಜಿಲ್ಲವೆಂದು ಕಾರು ಬಡಕೊಳ್ಳುತ್ತಿತ್ತು. ಅದರತ್ತ ಕೈ ತೋರಿಸಿದ ಯೊರುನ್‌ಗೆ ಓಡ್ಮುಂಡ್ "ಇದರ ಮಾತು ಕೇಳ್ತಾ ಕೂತ್ರೆ ಆಯ್ತು" ಎಂದ. ಸೇತುವೆಯ ನಟ್ಟನಡುವೆ ಕಾರು ನಿಂತಿತು. ವಾದ್ಯವೂ ನಿಂತಿತು.

ಓಡ್ಮುಂಡ್ ಇಳಿದು ಕಟಾಂಜನ ಹಿಡಿದು ಕೆಳಗಿನ ನೀರು ನೋಡಿದ. "ನಡುಮಧ್ಯದಲ್ಲೇ ನಿಂತ್ನಲ್ಲೇ, ಯೊರುನ್." ನನಗೆ ನಗು ಬಂದದ್ದು ನಿಜ. ಆ ಮುಖ ನೋಡಿ ಪಾಪ ಅನ್ನಿಸಿದ್ದೂ ನಿಜ.

ತೊರ್ಗೈರ್ ಪಕ್ಕದಿಂದ ಟ್ರ್ಯಾಕ್ಟರ್ ಮುಂದೆ ತಂದ. "ಏನ್ ಕ್ಯಾಪ್ಟನ್, ಇಲ್ಲೇ ಲಂಗರು ಹಾಕಿದ್ರಾ?" ಎನ್ನುತ್ತ ಹಗ್ಗ ಬೀಸಿ ಎಸೆದ. ಅದು ನೆಲ ಮುಟ್ಟುವ ಮೊದಲೇ ಓಡ್ಮುಂಡ್ ಹಿಡಿದಿದ್ದ. ಕಾರಿನ ಕೊಕ್ಕೆಗೆ ಗಂಟು ಬಿದ್ದ ಮೇಲೆಯೇ ತಾನು ಹಗ್ಗ ಮುಟ್ಟಿದ್ದು ಅವನಿಗೆ ಹೊಳೆದದ್ದು. ಬಿಡಲೂ ಇಲ್ಲ, ಎಳೆದು ಇನ್ನೊಮ್ಮೆ ಬಿಗಿ ನೋಡಿದ.

"ನೀರಲ್ಲೆಲ್ಲಿ ನಿಂತೆ? ಸೇತುವೆ ಮೇಲೆ ತಾನೆ? ಅದು ಲೆಕ್ಕಕ್ಕಿಲ್ಲ, ಕಾರು ಹತ್ತು," ಎಂದಳು ಯೊರುನ್.

ಅವನು ಅವಳನ್ನೇ ನೋಡಿದ. "ಹೌದಲ್ವಾ?" ಎಂದು ಕಾರು ಹತ್ತಿದ. ವಾದ್ಯ ಮತ್ತೆ ಶುರುವಾಯಿತು.

ಈಗ ಓಡ್ಮುಂಡ್ ದಿನಾ ಸಂಜೆ ಡಿಕ್ಕಿಯಿಂದ ಚಾರ್ಜಿಂಗ್ ಕೇಬಲ್ ತೆಗೆದು ಕಾರಿಗೆ ಚುಚ್ಚುತ್ತಾನೆ, ಬೆಳಿಗ್ಗೆ ಲಾಂಚಿನ ಹಗ್ಗದಂತೆ ಸುತ್ತಿ ಇಡುತ್ತಾನೆ. ನಾನು ತಡೆಯಲಾರದೆ ಕೇಳಿಯೇಬಿಟ್ಟೆ: "ಅಲ್ಲ ಮಾರಾಯಾ, ಆ ಟೈರು ತೆಗೆದಿದ್ರೆ ಸಾಕಿತ್ತಲ್ಲ, ಕಾರು ಮೊದಲಿನ ಹಾಗೆ ಫಲಕದ ಮೇಲೇ ನಿಲ್ತಿತ್ತು?"

"ಟೈರಿಲ್ಲದ ದಡಕ್ಕೆ ಯಾರಾದ್ರೂ ಮೂತಿ ಕೊಡ್ತಾರಾ?" ಎಂದ, ಪೆದ್ದನನ್ನು ನೋಡಿದ ಹಾಗೆ ನನ್ನನ್ನು ನೋಡಿ.