ಆಯಿ ಎಣ್ಣೆ ಹಚ್ಚಿದ ಪುಗ್ಗಾ

ಹೊಸ ಬಲೂನಿನ ವಾಸನೆ ಮೂಗಿಗೆ ಬಡಿದರೆ ಅದರ ಬೆನ್ನಿಗೇ ನನಗೆ ಕೊಬ್ಬರಿ ಎಣ್ಣೆಯ ವಾಸನೆ ಬರುತ್ತದೆ. ನಿಮಗೂ ಇಂಥದೊಂದು ಜೋಡಿ ವಾಸನೆ ಇದ್ದೀತು. ಮೊನ್ನೆ ಗೋಕುಲ ರಸ್ತೆಯ ಮಗಳ ಮನೆಯಲ್ಲಿ, ಮೊಮ್ಮಗಳ ಹುಟ್ಟುಹಬ್ಬಕ್ಕೆ ಬಲೂನು ಊದುತ್ತ ಕೂತಾಗಲೂ ಬಂತು. ಎಣ್ಣೆಯ ಬಾಟಲಿ ಅಲ್ಲೆಲ್ಲೂ ಇರಲಿಲ್ಲ. ಅದು ಇದ್ದದ್ದು ಹಳೇ ಹುಬ್ಬಳ್ಳಿಯ ನಮ್ಮ ನಡುಮನೆಯಲ್ಲಿ, ಆಯಿಯ ಕೈಗೆಟುಕುವಲ್ಲಿ.

ಆಯಿ ಎಂದರೆ ನನ್ನ ತಂದೆಯ ತಾಯಿ. ಹಣೆ ತುಂಬ ವಿಭೂತಿ, ಬಾಯಲ್ಲಿ ಒಂದೂ ಹಲ್ಲಿಲ್ಲ. ಏನೇ ಬಿರಿದರೂ ಒಣಗಿದ್ದಕ್ಕೇ ಬಿರಿಯುತ್ತದೆ ಎಂದು ನಂಬಿದ್ದವಳು. ಚಳಿಗಾಲದ ನಮ್ಮ ತುಟಿ, ಅಪ್ಪನ ಚಪ್ಪಲಿ, ಕಿರುಗುಟ್ಟುವ ಬಾಗಿಲು, ಎಲ್ಲಕ್ಕೂ ಎಣ್ಣೆ. ನನಗೆ ಏಳು ತುಂಬಿದ ದಿನ ಅಪ್ಪನ ತಮ್ಮ, ನಮ್ಮ ಕಾಕಾ, ಒಂದು ಕೆಂಪು ಪುಗ್ಗಾ ಊದಿಕೊಟ್ಟ; ಬಲೂನಿಗೆ ನಮ್ಮಲ್ಲಿ ಪುಗ್ಗಾ ಎಂದೇ ಹೆಸರು. ಪಕ್ಕದ ಮನೆಯ ಗೆಳತಿ ಶಮೀಮ್ ಆಗ ಜ್ವರದಿಂದ ಮಲಗಿದ್ದಳು. ನೀನು ಎದ್ದು ಬರುವ ತನಕ ಪುಗ್ಗಾ ಕಾಯ್ದಿಡುತ್ತೇನೆ ಎಂದು ಕಿಟಕಿಯಿಂದಲೇ ಮಾತು ಕೊಟ್ಟೆ. ಮೂರು ದಿನ ಅದನ್ನು ಗೋಡೆಗೂ ತಾಗಗೊಡಲಿಲ್ಲ. ನಾಲ್ಕನೆಯ ದಿನ, ಸಂಜೆ ಶಮೀಮ್ ಬರುತ್ತಾಳೆಂದು ತಿಳಿದು ಸಾಲೆಯಿಂದ ಓಡಿಬಂದರೆ, ಆಯಿ ಪುಗ್ಗಾವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಎಳೆಗೂಸಿಗೆ ಹಚ್ಚುವಂತೆ ಎಣ್ಣೆ ಹಚ್ಚುತ್ತಿದ್ದಳು.

“ಏನ್ ಮಾಡಾಕತ್ತೀಬೆ ಆಯಿ?”

“ತೊಗಲು ಎಷ್ಟ ಬಿಗದೈತಿ ನೋಡವಾ. ನಿನ್ನ ಗೆಳತಿ ಬರೂತನಕ ಬಿರಿಬಾರದಂತ ಒಂದೀಟ…” ಎನ್ನುವುದರೊಳಗೆ ಢಬ್ ಎಂದಿತು. ಒಂದು ಕೆಂಪು ಚೂರು ಹೋಗಿ ಅವಳ ವಿಭೂತಿಗೇ ಅಂಟಿಕೊಂಡಿತು.

ಸಾಲಿ ಮಾಸ್ತರನಾಗಿದ್ದ ಕಾಕಾ ಒಳಗೆ ಬಂದು ಪಾಠವನ್ನೇ ಶುರು ಮಾಡಿದ: “ಯವ್ವಾ, ರಬ್ಬರಿಗೆ ಎಣ್ಣಿ ಅಂದ್ರ ವೈರಿ. ಎಣ್ಣಿ ಕುಡದ ಮೆತ್ತಗಾಗತೈತಿ. ಒಂದ ಕಡೆ ಸೋತ್ರ ಸಾಕು, ಒಳಗಿನ ಗಾಳಿ ಪೂರಾ ಹರಕೊಂಡ ಬರತೈತಿ.”

“ನಿಮ್ಮಪ್ಪಾರ ಹಂಗ ಐತಿ ಬಿಡು,” ಎಂದಳು ಆಯಿ. “ಅವರೂ ಎಣ್ಣಿ ಹಚ್ಚಿದಷ್ಟೂ ಸಿಡೀತಿದ್ರು.”

ಕಾಕಾ ನಕ್ಕ, ನಾನು ಅತ್ತೆ. ಕೊಟ್ಟ ಮಾತು ಚೂರುಚೂರಾಗಿ ನೆಲದ ಮೇಲೆ ಬಿದ್ದಿತ್ತು. ಆಯಿ ಆ ಚೂರುಗಳನ್ನು ಆಯ್ದು, ಸೆರಗಿನಿಂದ ಎಣ್ಣೆ ಒರೆಸಿ, ಒಂದನ್ನು ಬಾಯಿಗೆ ಬಿಗಿಯಾಗಿ ಹಿಡಿದು ಉಸಿರಿನಿಂದ ಒಳಕ್ಕೆ ಜಗ್ಗಿದಳು. ಹಲ್ಲಿನ ಅಡ್ಡಿಯೇ ಇಲ್ಲದ ಆ ಬಾಯಿಂದ ದ್ರಾಕ್ಷಿಯಷ್ಟು ಪುಟ್ಟ ಪುಗ್ಗಾ ಹೊರಬಂತು. ಬುಡ ತಿರುವಿ ದಾರ ಕಟ್ಟಿದಳು. ಹಾಗೆ ಐದಾದವು. ಸಂಜೆ ಶಮೀಮ್ ಹೊಸ್ತಿಲು ದಾಟಿದ್ದೇ ತಡ, ಆಯಿ ಹಣೆ ಮುಂದೊಡ್ಡಿ, “ಇಲ್ಲೆ ಒಡಿಯವಾ, ಲಗೂ” ಎಂದಳು. ಚಟ್, ಚಟ್ ಎಂದು ಒಂದೊಂದೂ ಒಡೆದಾಗ ವಿಭೂತಿ ಪುಡಿ ಹಾರಿತು. ಜ್ವರದಿಂದ ಬಾಡಿದ್ದ ಶಮೀಮ್ ನಕ್ಕು ನಕ್ಕು ನೆಲಕ್ಕೆ ಕೂತುಬಿಟ್ಟಳು.

ಆ ನಡುಮನೆಯಿದ್ದಲ್ಲಿ ಈಗ ಅಂಗಡಿಯೊಂದರ ಶಟರಿದೆ. ಆಯಿಯೂ ಇಲ್ಲ, ಕಾಕಾನೂ ಇಲ್ಲ. ಮೊನ್ನೆ ಮೊಮ್ಮಗಳ ಬಲೂನು ಒಡೆದು ಅವಳ ತುಟಿ ಅಳುವಿಗೆ ತಿರುಗುವ ಹೊತ್ತಿಗೆ ನಾನು ಚೂರೊಂದನ್ನು ಎತ್ತಿ ಬಾಯಿಗೆ ಹಿಡಿದೆ. ನನಗಿನ್ನೂ ಹಲ್ಲುಗಳಿವೆ, ಆಯಿಯಷ್ಟು ಚೆಂದ ಬರಲಿಲ್ಲ, ಬಟಾಣಿಯಷ್ಟಾಯಿತು. ಅದನ್ನು ಮಗುವಿನ ಕೈಗಿಟ್ಟು, ಹಣೆ ಮುಂದೊಡ್ಡಿದೆ.